ಕರಿ ಎರಡಕ್ಕೆ ಬಂದ ತಂತಿ

ಹಾವೇರಿ ಬಸ್ ನಿಲ್ದಾಣದಲ್ಲಿ ರಾಣೆಬೆನ್ನೂರು ಬಸ್ಸಿನ ಕಂಡಕ್ಟರ್ ನನ್ನ ಡಬಲ್ ಬಾಸನ್ನು ಮೇಲಿಂದ ಕೆಳಗಿನವರೆಗೆ ನೋಡಿ ಬಾಗಿಲಿಗೆ ಅಡ್ಡ ಕೈ ಇಟ್ಟ.

“ಏನ್ರಿ ಅಕ್ಕಾರ ಇದು? ಹೆಣಾ ಗಿಣಾ ಅಲ್ಲಲ್ಲ?”

“ಪಿಟೀಲಿನ ಜಾತಿದು. ಆಳೆತ್ತರ ಬೆಳದೈತಿ. ಲಗೇಜ್ ಟಿಕೆಟ್ ಕೊಡ್ರಿ.”

“ಇದನ್ನ ಹತ್ತಿಸಿಕೊಂಡ್ರ ಮಂದಿ ಎಲ್ಲಿ ನಿಂದರಬೇಕು?”

ಮಾತು ನ್ಯಾಯವಾದದ್ದೇ. ಆದರೂ ನಾನು ಹಟ ಬಿಡದೆ ಮತ್ತೆರಡು ಬಸ್ಸು ಕೇಳಿ ಮತ್ತೆರಡು ಸಲ ಬೈಸಿಕೊಂಡೆ. ಕೊನೆಗೆ ಒಂದು ಲಗೇಜ್ ಗಾಡಿ ಗೊತ್ತು ಮಾಡಿದೆವು. ರಾಣೆಬೆನ್ನೂರು, ಅಲ್ಲಿಂದ ಬ್ಯಾಡಗಿ, ತಿರುಗಿ ಹಾವೇರಿ, ಎಲ್ಲ ಸೇರಿ ಸಾವಿರದ ಎಂಟುನೂರು ರೂಪಾಯಿ. ಜೊತೆಗೆ ಬಂದ ನನ್ನ ಅಣ್ಣನ ಹೆಂಡತಿ ಗಿರಿಜಾ ವೈನಿ, “ಇಷ್ಟಕ್ಕ ಒಂದ ಸೀರಿ ಬರತಿತ್ತು ಶೈಲಾ,” ಎಂದರು. ಬರುತ್ತಿತ್ತು, ನಿಜ. ಆದರೆ ಸೀರೆ ನುಡಿಯುವುದಿಲ್ಲ.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಈ ಬಾಸು ಅಪ್ಪನದು. ಅವರು ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರರ ಬ್ಯಾಂಡಿನಲ್ಲಿ ಇದನ್ನು ನುಡಿಸುತ್ತಿದ್ದರು, ಅವರಿಂದ ನಾನು ಕಲಿತೆ. ಈಗ ಪ್ರತಿ ಶನಿವಾರ ಸಂಜೆ ಬ್ಯಾಡಗಿಯ ಒಂದು ತತ್ವಪದ ಮೇಳದಲ್ಲಿ ನುಡಿಸುತ್ತೇನೆ. ವೈನಿ ಅದೇ ಮೇಳದ ಹಿಮ್ಮೇಳದಲ್ಲಿ ಹಾಡುತ್ತಾರೆ. ಮುಂದೆ ಕೂತು ಹಾಡುವವರು ಶಿವಬಸಪ್ಪ ಸಾವಕಾರರು, ಮೆಣಸಿನಕಾಯಿ ವ್ಯಾಪಾರಿಗಳು. ಹಿಂದಿನ ಶನಿವಾರ ಪದದ ನಡುವೆ ನನ್ನ ಬಾಸಿನ ಮೇಲಿನ ಸ್ವರದ ತಂತಿ ಫಟ್ ಎಂದು ಹರಿಯಿತು. ಸಾವಕಾರರು ಹಾಡು ನಿಲ್ಲಿಸಿ ಎಲ್ಲರ ಮುಂದೆ ಹೇಳಿದರು: “ಅಕ್ಕೋರ, ಮುಂದಿನ ಶನಿವಾರ ಇದು ಸರಿ ನುಡೀಲಿಲ್ಲಂದ್ರ ಮನ್ಯಾಗ ಇಡ್ರಿ. ಕೀಬೋರ್ಡಿನ್ಯಾಗ ಒಂದ ಬಟನ್ ಒತ್ತಿದ್ರ ಇದರ ಧ್ವನಿ ಬರತೈತಿ. ಜಾಗಾನೂ ಉಳೀತೈತಿ.” ಆ ಮುಂದಿನ ಶನಿವಾರವೇ ಈ ದಿನ. ಅಪ್ಪನ ಬಾಸು ಮೇಳದಲ್ಲಿ ಉಳಿಯುತ್ತದೋ ಮೂಲೆ ಸೇರುತ್ತದೋ ಎಂಬುದು ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು.

ತಂತಿ ಯಾಕೆ ಹರಿಯಿತು ಎಂಬುದೂ ಹೇಳಬೇಕು. ನಮ್ಮ ಮೇಳಗಳಲ್ಲಿ ಮುಂದಿನವರ ಗಂಟಲು ಯಾವ ಮನೆಯಲ್ಲಿದೆಯೋ ತಬಲಾ, ತಂಬೂರಿ, ಸಕಲವೂ ಅಲ್ಲಿಗೆ ಹೋಗಿ ಕೂಡಬೇಕು. ಸಾವಕಾರರದು ಕರಿ ಎರಡು, ಮನೆ ಎಂದರೆ ಹಾರ್ಮೋನಿಯಂನ ಕೀಲಿ, ಅದರ ಎರಡನೆಯ ಕರಿ ಕೀಲಿಯೇ ಅವರ ಸ. ತಂಬೂರಿಗೆ ಮಾಡುವಂತೆ ನಾನೂ ಬಾಸಿನ ತಂತಿಗಳನ್ನು ಅವರ ಸ-ಪ ಸ್ವರಗಳಿಗೆ ಎಳೆದು ಕೂಡಿಸಿದ್ದೆ. ಮೇಲಿನ ತಂತಿ ತನ್ನ ಹುಟ್ಟು ಸ್ವರಕ್ಕಿಂತ ಮೂರು ಮನೆ ಮೇಲೇರಬೇಕಾಯಿತು. ಏರಿತು, ಕೆಲವು ತಿಂಗಳು ಹಲ್ಲು ಕಚ್ಚಿ ತಡೆಯಿತು, ಆಮೇಲೆ ಸತ್ತಿತು. ಇದಕ್ಕೆ ಇಡೀ ಮೇಳ ಕೊಟ್ಟ ಸಲಹೆ ಒಂದೇ: ದಪ್ಪನ ತಂತಿ ಹಾಕಿ, ಹರಿಯುವುದಿಲ್ಲ. ಬಾವಿಯ ಹಗ್ಗಕ್ಕೆ ಆ ಮಾತು ಸರಿ. ಸ್ವರ ಒಂದೇ ಆದರೆ ದಪ್ಪ ತಂತಿಗೆ ಇನ್ನೂ ಹೆಚ್ಚು ಎಳೆತ ಬೇಕು, ತಂತಿ ಉಳಿದರೂ ಅಪ್ಪನ ಮರ ಸೀಳುತ್ತದೆ. ನನಗೆ ಬೇಕಾದದ್ದು ಸೋಲೊ ತಂತಿ. ಒಬ್ಬರೇ ಕೂತು ನುಡಿಸುವವರಿಗಾಗಿ ಹಗುರಾಗಿ ಮಾಡಿದ್ದು, ಎರಡು ಮನೆ ಮೇಲೆ ಕೂಡಿಸಲೆಂದೇ ಹುಟ್ಟಿದ್ದು. ಅದು ಸಿಕ್ಕರೆ ಸಾವಕಾರರ ಪ ಒಂದೇ ಮನೆ ದೂರ.

ಹೆದ್ದಾರಿಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರು. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಬಿಸಿಲು ಮಾತ್ರ ಆಗಲೇ ಬಂದು ಕೂತಿತ್ತು. ರಾಣೆಬೆನ್ನೂರು ನಿಲ್ದಾಣದ ಹತ್ತಿರ ಗಿರಮಿಟ್ಟು ತಿಂದು ಚಹಾ ಕುಡಿದೆವು. ಅಂಗಡಿ ಅಲ್ಲಿಂದ ದೂರವಿರಲಿಲ್ಲ. ಖಾದರಸಾಬರು ಹಾರ್ಮೋನಿಯಂ, ತಬಲಾ, ಮದುವೆ ಬ್ಯಾಂಡಿನ ಸಾಮಾನು ಮಾರುತ್ತಾರೆ. ಗೋವಾದಲ್ಲಿ ಮುಚ್ಚಿದ ಒಂದು ಅಂಗಡಿಯಿಂದ ತಂತಿಗಳ ಚೀಲವೊಂದನ್ನು ಅವರು ಸಗಟಾಗಿ ತಂದಿದ್ದಾರೆಂದು ಕೇಳಿಯೇ ನಾನು ಹೋಗಿದ್ದು.

ಚೀಲ ಇತ್ತು. ಒಂದಕ್ಕೂ ಪಾಕೀಟು ಇರಲಿಲ್ಲ. ಎಲ್ಲ ಸುರುಳಿ ಸುತ್ತಿಕೊಂಡು ಒಂದರೊಳಗೊಂದು ಸಿಕ್ಕಿ ಬಿದ್ದಿದ್ದವು.

“ಎಲ್ಲಾ ಒಂದ ತಂತಿ ರೀ. ಕೈಗೆ ಬಂದದ್ದು ತಗೊಂಡು ಹೋಗ್ರಿ,” ಎಂದರು ಖಾದರಸಾಬರು.

“ಕೈಗೆ ಬಂದದ್ದು ತಗೊಳ್ಳಾಕ ಇವು ಬದನಿಕಾಯೇನ್ರಿ?” ಎಂದು ನಾನು ಚೀಲವನ್ನು ಕಟ್ಟೆಯ ಮೇಲೆ ಸುರುವಿಕೊಂಡು ಕೂತೆ.

ಮೊದಲು ಬಾಸನ್ನು ಮಲಗಿಸಿ ಒಂದೊಂದೇ ತಂತಿಯನ್ನು ಅದರ ಮೇಲೆ ಹಾಸಿ ನೋಡಿದೆ. ತಂತಿ ಬಿಗಿಯುವ ಬಿರಡೆ ಮುಟ್ಟದವೆಲ್ಲ ಬಾಸಿನ ಚಿಕ್ಕ ತಮ್ಮ ಚೆಲ್ಲೋದವು, ಅವು ಬದಿಗೆ. ಕಾಲೇಜಿನಿಂದ ತಂದ ಆಯಸ್ಕಾಂತ ಹಿಡಿದಾಗ ಕೆಲವು ಅಂಟಲಿಲ್ಲ. ಅವುಗಳ ಒಳಗೆ ಉಕ್ಕಿರಲಿಲ್ಲ, ಕುರಿಯ ಕರುಳಿನ ಎಳೆ ಇತ್ತು, ಒಣಗಿ ಹಪ್ಪಳವಾಗಿತ್ತು. ಉಳಿದವುಗಳ ತುದಿಗೆ ಸುತ್ತಿದ ರೇಷ್ಮೆ ದಾರದ ಬಣ್ಣ ನೋಡಿ ಜೊತೆ ಹಚ್ಚಿದೆ. ಹಸಿರು ದಾರದವು ನಾಲ್ಕು ನಾಲ್ಕರ ಎರಡು ಜೊತೆ ಪೂರ್ತಿ ಸಿಕ್ಕವು. ಒಬ್ಬರೇ ಮಾಡಿದವರು, ಉದ್ದವೂ ಸಮ. ಒಂದು ಜೊತೆ ಕಣ್ಣಿಗೆ ತುಸು ತೆಳ್ಳಗೆ ಕಂಡಿತು. ಆದರೆ ಆಸೆಯ ಕಣ್ಣಿಗೆ ಏನು ಬೇಕಾದರೂ ಕಾಣುತ್ತದೆ.

“ದಪ್ಪಂದ ಒಯ್ಯಿರಿ,” ಎಂದರು ಖಾದರಸಾಬರು. “ಮೂವತ್ತ ವರ್ಷಾತು ತಂತಿ ಮಾರಾಕತ್ತಿ. ದಪ್ಪಂದು ಹರಿಯೂದಿಲ್ಲ.”

ವೈನಿಯೂ ಮೆಲ್ಲಗೆ ನನ್ನ ಸೆರಗು ಎಳೆದರು. “ಅವರು ಹೇಳಿದ್ದು ಕೇಳ ಶೈಲಾ. ಹೊತ್ತಾಗತೈತಿ.”

ನನಗೆ ಸಿಟ್ಟು ಬಂತು. ಅವರಿಬ್ಬರ ಮೇಲಲ್ಲ, ಆ ಮಾತಿನ ಮೇಲೆ. ಎರಡೂ ಜೊತೆಯ ಮೇಲಿನ ತಂತಿ ಎತ್ತಿಕೊಂಡು ಎದುರಿನ ಬೀಜದ ಅಂಗಡಿಗೆ ನಡೆದೆ. ಬೀಜ ತೂಗಲು ಅವರಲ್ಲಿ ಗ್ರಾಮಿನ ಚೂರನ್ನೂ ತೋರಿಸುವ ತಕ್ಕಡಿ ಇತ್ತು.

“ಇದನ್ನ ಬಿತ್ತಿದ್ರ ಏನ ಬೆಳೀತೈತ್ರಿ?” ಎಂದ ಅಂಗಡಿಯವ.

“ಹಟ,” ಎಂದೆ. ಅವ ನಗುತ್ತಲೇ ತೂಗಿದ.

ತೆಳ್ಳಗೆ ಕಂಡದ್ದು ತಕ್ಕಡಿಯಲ್ಲೂ ಹಗುರಾಗಿತ್ತು. ಉದ್ದ ಒಂದೇ, ತೂಕ ಕಡಿಮೆ, ಅಂದ ಮೇಲೆ ಅದೇ ಸೋಲೊ. ಖಾದರಸಾಬರ ಕಟ್ಟೆಯ ಮೇಲೆಯೇ ಆ ಜೊತೆಯ ನಾಲ್ಕೂ ತಂತಿ ಏರಿಸಿದೆ. ಅವರು ಹಾರ್ಮೋನಿಯಂ ಒತ್ತಿ ಕರಿ ಎರಡರ ಪ ಕೊಟ್ಟರು. ಬಿರಡೆ ತಿರುಗಿಸುವಾಗ ವೈನಿ ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದರು. ತಂತಿ ಪ ಸ್ವರಕ್ಕೆ ಬಂದು ನಿಂತಿತು. ಕಮಾನು ಎಳೆದೆ, ಅಂಗಡಿಯ ಗಾಜಿನ ಕಪಾಟು ಗುಂಯ್ ಎಂದಿತು. ಖಾದರಸಾಬರು ಸೋಲು ಒಪ್ಪಲಿಲ್ಲ. “ನಾಳಿಗಿ ಹರೀತೈತಿ ನೋಡ್ರಿ,” ಎಂದರು.

ಹೊಸ ತಂತಿ ಕೂಡಿಸಿದ ಸ್ವರದಿಂದ ಇಳಿಯುತ್ತಲೇ ಇರುತ್ತದೆ. ಹೀಗಾಗಿ ಮೋಟೆಬೆನ್ನೂರಿನವರೆಗೂ ನಾನು ಗಾಡಿಯ ಹಿಂದುಗಡೆ ಬಾಸಿನ ಪಕ್ಕ ಕೂತು ಬಿರಡೆ ತಿರುಗಿಸುತ್ತಲೇ ಬಂದೆ. ಬ್ಯಾಡಗಿ ದಾರಿಗೆ ಹೊರಳಿದಾಗ ಕಾಗಿನೆಲೆಗೆ ಹೋಗುವ ಜೀಪಿನ ಹೆಂಗಸರು ನನ್ನನ್ನು ನೋಡಿ ಕೈ ಮುಗಿದರು. ಯಾವ ದೇವರನ್ನು ಒಯ್ಯುತ್ತಿದ್ದೇನೆ ಎಂದುಕೊಂಡರೋ. ನಾನೂ ಮುಗಿದೆ. ಊರು ಕಾಣುವ ಮೊದಲೇ ಮೆಣಸಿನಕಾಯಿಯ ಘಾಟು ಬಂತು. ಡ್ರೈವರು ಸೀನಿದ, ವೈನಿ ಸೀನಿದರು.

ಮೇಳ ನಡೆಯುವುದು ಸಾವಕಾರರ ವಖಾರಿಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ ಹಾಸಿದ ಜಮಖಾನೆಯ ಮೇಲೆ. ಕೀಬೋರ್ಡು ಆಗಲೇ ನನ್ನ ಜಾಗದಲ್ಲಿತ್ತು. ನಾನು ಅದನ್ನು ಎತ್ತಿ ಪಕ್ಕಕ್ಕಿಟ್ಟು ಬಾಸು ನಿಲ್ಲಿಸಿದೆ. ಸಾವಕಾರರು ಮೇಲಿನ ತಂತಿ ಮೀಟಿ ನೋಡಿದರು.

“ಹೋದ ಸಲದಕ್ಕಿಂತ ತೆಳ್ಳಗೈತಲ್ರಿ?”

“ತೆಳ್ಳಗ ಇರೂದ ಬೇಕಾಗಿತ್ರಿ. ಕರಿ ಎರಡಕ್ಕ ಆರಿಸಿ ತಂದೇನಿ.”

ಅವರು ಗಂಟಲು ಸರಿ ಮಾಡಿಕೊಂಡು ಹಾರ್ಮೋನಿಯಂನವರ ಕಡೆ ತಿರುಗಿದರು. “ಇವತ್ತ ಕರಿ ಮೂರು.”

ಅವರು ಆ ಮನೆಯಲ್ಲಿ ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ತಬಲಾದವರು ಆಗಲೇ ಸ್ವರ ಏರಿಸಲು ಸುತ್ತಿಗೆ ಎತ್ತಿ ತಬಲಾದ ಪಕ್ಕದ ಮರದ ಗಟ್ಟೆ ಬಡಿಯತೊಡಗಿದ್ದರು. ನಡುವೆ ಎರಡು ಬಿಳಿ ಮನೆಗಳಿವೆ, ಮತ್ತೆ ಮೂರು ಮನೆ ಎಳೆದರೆ ಈ ತಂತಿಯ ಗತಿಯೂ ಅದೇ. ಎಲ್ಲರೂ ನನ್ನ ಕೈ ನೋಡುತ್ತಿದ್ದರು.

“ನಾ ಏರಸೂದಿಲ್ರಿ,” ಎಂದೆ.

“ಪದ್ಧತಿ ಗೊತ್ತೈತಿ ಅಲ್ರಿ ಅಕ್ಕೋರ? ಹಾಡವ್ರು ಹೇಳಿದ ಮನೀಗೆ ವಾದ್ಯ ಬರಬೇಕು.”

“ನೀವು ಇಷ್ಟು ದಿನಾ ಹಾಡಿದ ಮನೀಗೆ ಬಂದೇನ್ರಿ. ಹಟಕ್ಕ ಹೇಳಿದ ಮನೀಗೆ ಬರೂದಿಲ್ಲ.”

ಕಮಾನನ್ನು ತಂತಿಗೆ ಇಟ್ಟು ಕರಿ ಎರಡರ ಸ ಎಳೆದೆ, ಉದ್ದಕ್ಕೆ, ಒಂದೇ ಉಸಿರಿನಂತೆ. ಜಮಖಾನೆಯ ಕೆಳಗಿನ ಹಲಗೆ ಝುಂ ಎಂದದ್ದು ಎಲ್ಲರ ಕಾಲಿಗೂ ತಾಗಿರಬೇಕು. ಮುಂದಿನವರು ಶುರು ಮಾಡದೆ ಹಿಮ್ಮೇಳ ಬಾಯಿ ತೆರೆಯುವಂತಿಲ್ಲ. ಆದರೆ ಬೆಳಗಿನಿಂದ ನನ್ನ ಸೆರಗು ಎಳೆಯುತ್ತಿದ್ದ ಗಿರಿಜಾ ವೈನಿ ಕಣ್ಣು ಮುಚ್ಚಿ ಪದ ಎತ್ತಿದರು, ಕರಿ ಎರಡರಲ್ಲೇ. ಪಕ್ಕದವರು ಕೂಡಿದರು, ಆಮೇಲೆ ಇಡೀ ಸಾಲು. ತಬಲಾದವರು ಸುತ್ತಿಗೆ ತಿರುವಿ ಗಟ್ಟೆ ಮೇಲಕ್ಕೆ ಬಡಿದು ಸ್ವರ ಇಳಿಸಿದರು. ಸಾವಕಾರರು ಎರಡನೆಯ ನುಡಿಗೆ ಬಂದು ಸೇರಿಕೊಂಡರು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಹಾಡಿದರು.

ಪೂರ್ತಿ ಸಂಜೆ ತಂತಿ ಹರಿಯಲಿಲ್ಲ. ಕೀಬೋರ್ಡನ್ನು ಯಾರೂ ಮುಟ್ಟಲಿಲ್ಲ.

ಬಾಸು ಗಾಡಿಗೆ ಏರಿಸುವಾಗ ಸಾವಕಾರರು ಬಾಗಿಲಿಗೆ ಬಂದರು. “ಕರಿ ಮೂರಕ್ಕ ಆಗೂ ತಂತಿ ಸಿಗತಾವೇನ್ರಿ?”

“ಹುಡುಕಿದ್ರ ಸಿಗತಾವ್ರಿ. ಮೊದಲ ನೀವು ಆ ಮನೀ ಮುಟ್ಟಿ ತೋರಸ್ರಿ, ಆಮೇಲೆ ನಾ ಹುಡುಕತೇನಿ.”

ಗಾಡಿ ಹೊರಳುವಾಗ ತಿರುಗಿ ನೋಡಿದೆ. ವಖಾರಿಯ ಬಾಗಿಲಲ್ಲಿ ಒಬ್ಬರೇ ನಿಂತು, ಒಂದು ಕೈ ಕಿವಿಗೆ ಇಟ್ಟುಕೊಂಡು, ಅವರು ಕರಿ ಮೂರರ ಸ ಹಿಡಿಯಲು ನೋಡುತ್ತಿದ್ದರು. ಸಿಗಲಿಲ್ಲ. ಮತ್ತೆ ನೋಡಿದರು. ನನಗೆ ಒಂದಿಷ್ಟೂ ಪಾಪ ಅನಿಸಲಿಲ್ಲ.