ಹೇಳಿದ ಅಳತೆ, ಕೊರೆದ ಅಳತೆ

ಯಂತ್ರವೊಂದು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನನಗೆ ಆಗುವ ಸಂತೋಷ ಸಭ್ಯರಿಗೆ ಒಪ್ಪುವಂಥದ್ದಲ್ಲ. ನಮ್ಮ ಬನಹಟ್ಟಿಯ ಶೆಡ್ಡಿನಲ್ಲಿರುವ ಕೊರೆಯುವ ಯಂತ್ರಕ್ಕೆ ನೂರು ಮಿಲಿಮೀಟರ್ ಮುಂದೆ ಹೋಗೆಂದು ಆಜ್ಞೆ ಕೊಡುತ್ತೇನೆ. ಅದು ಹೋಗಿ ನಿಂತು, ಕಂಪ್ಯೂಟರಿನ ಪರದೆಯ ಮೇಲೆ ‘ನೂರು’ ಎಂದು ಗಂಭೀರವಾಗಿ ತೋರಿಸುತ್ತದೆ. ನಾನು ಉಕ್ಕಿನ ಅಳತೆಪಟ್ಟಿ ಹಿಡಿದು ಬಾಗುತ್ತೇನೆ. ಪಟ್ಟಿಯ ಪ್ರಕಾರ ಅದು ನೂರಕ್ಕೆ ಕೂದಲೆಳೆಯಷ್ಟು ಮೊದಲೇ ನಿಂತುಬಿಟ್ಟಿರುತ್ತದೆ. ಹೇಳಿದ್ದಕ್ಕೂ ಮಾಡಿದ್ದಕ್ಕೂ ನಡುವಿನ ಅಂತರ ಇಷ್ಟು ಸ್ಪಷ್ಟವಾಗಿ ಕೈಗೆ ಸಿಗುವ ಸ್ಥಳ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿದೆಯೆಂದು ನಾನು ನಂಬುವುದಿಲ್ಲ. ಬೇರೆ ಕಡೆಗಳಲ್ಲಿ ಆ ಅಂತರವನ್ನು ಕೇಳಲು ಹೋದರೆ ಸಾಹೇಬರು ಊಟಕ್ಕೆ ಹೋಗಿರುತ್ತಾರೆ. ಯಂತ್ರಕ್ಕೆ ಊಟವಿಲ್ಲ, ಪಾಪ, ಅದು ಅಲ್ಲಿಯೇ ನಿಂತಿರುತ್ತದೆ.

ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದಿ ಬಂದವಳಿಗೆ ಮರ ಕೊರೆಯುವ ಉಸಾಬರಿ ಏಕೆಂದು ಓಣಿಯೆಲ್ಲ ಕೇಳಿತು. ಯಂತ್ರ ಜೋಡಿಸಿದವನು ನನ್ನ ಈರಪ್ಪ ಕಾಕಾನ ಮಗ ಮಲ್ಲ್ಯಾ. ಐ.ಟಿ.ಐ. ಮುಗಿಸಿದ ಅವನಿಗೆ ನಟ್ಟು ಬೋಲ್ಟುಗಳ ಭಾಷೆ ಬರುತ್ತದೆ. ನನಗೆ ಪ್ರಶ್ನೆ ಕೇಳಲು ಬರುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ಓಡಾಡುವ ಮೋಟಾರು. ಮೋಟಾರಿನ ಬಾಯಲ್ಲಿ ಗಿರಗಿರನೆ ತಿರುಗುವ ಅಲಗು. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಅದು ಹಲಗೆಯ ಮೇಲೆ ಕೊರೆಯುತ್ತದೆ. ನಮ್ಮ ಹವ್ಯಾಸಕ್ಕೆ ಜಾಗ ಬೇಕಾಗಿ ಈರಪ್ಪ ಕಾಕಾ ಎರಡು ಪವರ್‌ಲೂಮುಗಳನ್ನು ಅಂಗಳಕ್ಕೆ ಎತ್ತಿಡಿಸಿ, ತಾಡಪತ್ರಿ ಹೊದಿಸಿ, ತಮ್ಮ ಷರತ್ತನ್ನು ಹೇಳಿದರು:

“ಒಂದರೆ ಚಂದದ ಕೆಲಸ ಮಾಡಿ ತೋರಸ್ರಿ. ಇಲ್ಲಾಂದ್ರ ನಿಮ್ಮ ಮಶೀನ ಹೊರಗ, ನನ್ನ ಮಗ್ಗ ಒಳಗ.”

ಹೀಗಾಗಿ ನಾವು ವಸ್ತುಗಳ ಸ್ವಭಾವ ಅಧ್ಯಯನಕ್ಕೆ ಕುಳಿತೆವು. ಪ್ರತಿ ವಸ್ತುವಿಗೂ ತನ್ನದೇ ಆದ ಮರ್ಯಾದೆಯಿದೆ. ಮರದ ಪುಡಿ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ ಬಹಳ ವಿಧೇಯ, ಹೇಳಿದಂತೆ ಕೇಳುತ್ತದೆ. ಆದರೆ ಹೊಟ್ಟೆಯೊಳಗಿನ ಧೂಳನ್ನೆಲ್ಲ ನಮ್ಮ ಮೂಗಿಗೆ ತುಂಬುತ್ತದೆ. ಅಕ್ರಿಲಿಕ್ ಹಾಳೆಯ ಮೇಲೆ ಅಲಗು ಜೋರಾಗಿ ತಿರುಗುತ್ತ ನಿಧಾನವಾಗಿ ಸಾಗಿದರೆ ಹಾಳೆ ಕರಗಿ ಅಲಗಿಗೇ ಅಂಟಿಕೊಳ್ಳುತ್ತದೆ. ಅದರ ವಿಷಯದಲ್ಲಿ ಸೌಜನ್ಯವೇ ಅಪಾಯ, ಮುನ್ನುಗ್ಗಬೇಕು. ಸಾಗವಾನಿ ಮರದಲ್ಲಿ ಅವಸರಪಟ್ಟರೆ ಎಳೆ ಕಿತ್ತು ಬರುತ್ತದೆ, ತಡಮಾಡಿದರೆ ಅಂಚು ಸುಟ್ಟು ಕರಕಲಾಗುತ್ತದೆ. ಒಂದು ವಸ್ತುವಿಗೆ ಹೊಂದಿಸಿದ ವೇಗವನ್ನು ಇನ್ನೊಂದರ ಮೇಲೆ ಹೇರುವುದು ಆಡಳಿತಗಾರರಿಗೆ ಮಾತ್ರ ಸಾಧ್ಯವಾಗುವ ಧೈರ್ಯ. ಗೇಣು, ಮೊಳ, ಮಾರು ಎಂದು ಮೈಯಿಂದಲೇ ಅಳೆಯುತ್ತಿದ್ದ ಕಾಲದಲ್ಲಿ ತಕರಾರು ಬಂದರೆ, ಕೈ ಯಾರದೆಂದು ಕೇಳಬಹುದಿತ್ತು. ಮಿಲಿಮೀಟರ್ ಬಂದ ಮೇಲೆ ಅಳತೆ ನಿಖರವಾಯಿತು, ಆದರೆ ಅಳೆದ ಕೈ ಕಾಣದಾಯಿತು.

ಇಂಥ ತತ್ವಚಿಂತನೆಯ ನಡುವೆ ನೀಲವ್ವ ಅತ್ತಿ ಬಂದರು. ಈರಪ್ಪ ಕಾಕಾನ ಅಕ್ಕ. ಬೀಳಗಿ ಕಡೆಗೆ ಕೊಟ್ಟ ಹೆಣ್ಣುಮಗಳು. ಅವರ ಊರು ಅಣೆಕಟ್ಟಿನ ಹಿನ್ನೀರಿಗೆ ಸೇರಿದಾಗ ಹಳೆಯ ಮನೆಯಿಂದ ಬಾಗಿಲಿನ ಒಂದು ಸಾಗವಾನಿ ಹಲಗೆಯನ್ನು ಮಾತ್ರ ಬಿಚ್ಚಿ ತಂದಿದ್ದರು. ಇಷ್ಟು ವರ್ಷ ಅದು ಪುನರ್ವಸತಿ ಕೇಂದ್ರದ ಮನೆಯಲ್ಲಿ ಜೋಳದ ಚೀಲಗಳಿಗೆ ಆಸರೆಯಾಗಿತ್ತು. ಈಗ ಹೊಸ ಬಾಗಿಲು ಮಾಡಿಸುತ್ತಿದ್ದರು. ಬಡಿಗ ಚೌಕಟ್ಟನ್ನು ಸಿದ್ಧಪಡಿಸಿ ಕೊಟ್ಟಿದ್ದ. ಅದರ ಒಳ ಅಂಚಿನ ಗಾಡಿಯಲ್ಲಿ, ಅಂದರೆ ಬಡಿಗ ಕೊರೆದ ತೋಡಿನಲ್ಲಿ, ಕೂರುವಂತೆ ಈ ಹಲಗೆಯನ್ನು ಕತ್ತರಿಸಿ, ಮೇಲೊಂದು ಬಳ್ಳಿ ಕೊರೆಯಬೇಕು.

“ಇದೊಂದs ಐತಿ ನೋಡ್ ಯವ್ವಾ. ಕೆಟ್ರ ಮತ್ತೊಂದ ತರೂಣು ಅಂದ್ರ ಆ ಊರs ಇಲ್ಲ,” ಎಂದರು ಅತ್ತಿ.

ಆ ಮಾತಿಗೆ ನನ್ನ ಆತ್ಮವಿಶ್ವಾಸ ಅಲುಗಲಿಲ್ಲ. ಆದರೂ ಹಳೆಯ ಹಲಗೆಯನ್ನು ಮುಟ್ಟುವ ಮೊದಲು ಅದೇ ಚಿತ್ರವನ್ನು ಎಂ.ಡಿ.ಎಫ್. ಮೇಲೆ ಕತ್ತರಿಸಿ ನೋಡಿದೆವು. ತುಂಡು ಚೌಕಟ್ಟಿನಲ್ಲಿ ಕೂರಲಿಲ್ಲ. ನಾನು ಬರೆದುಕೊಟ್ಟ ಅಳತೆಗಿಂತ ಅಗಲವಾಗಿತ್ತು. ಪ್ಲೈವುಡ್ ಮೇಲೆ ಕತ್ತರಿಸಿದೆವು. ಅದೂ ಅಷ್ಟೇ ಅಗಲ. ಆದರೆ ಯಂತ್ರದ ಓಟವನ್ನು ಪಟ್ಟಿ ಹಿಡಿದು ಅಳೆದರೆ ಈ ಸಲ ಅದು ಸತ್ಯ ಹರಿಶ್ಚಂದ್ರ.

ನಾನು ವಿಚಾರಣೆ ಆರಂಭಿಸಿದೆ. ಅಲಗು ಸವೆದು ತೆಳುವಾಗಿದ್ದರೆ ತುಂಡು ದೊಡ್ಡದಾಗಿ ಉಳಿಯುತ್ತದೆ. ಅಲಗನ್ನು ಅಳೆದೆ, ನಿರಪರಾಧಿ. ಮೋಟಾರು ಹೊತ್ತ ತೊಲೆ ಬಾಗುತ್ತಿದೆಯೇ? ಜಗ್ಗಿ, ತಳ್ಳಿ ನೋಡಿದೆ, ನಿರಪರಾಧಿ. ವಿದ್ಯುತ್ತಿನ ಏರಿಳಿತವನ್ನು ಶಂಕಿಸಿದೆ, ಅದು ಅಭ್ಯಾಸಬಲ. ಕೊನೆಗೆ ಉಳಿದವನು ನನ್ನ ಚಿತ್ರವನ್ನು ಯಂತ್ರಕ್ಕೆ ಉಣಿಸುತ್ತಿದ್ದ ಮಲ್ಲ್ಯಾ.

“ಮಲ್ಲ್ಯಾ, ಖರೆ ಹೇಳ. ನನ್ನ ಅಳತಿ ಮುಟ್ಟಿ ಏನ?”

“ಮುಟ್ಟಿಲ್ಲಕ್ಕ. ಒಂದೀಟ ಬಿಡತಿ ಬಿಟ್ಟೀನಿ, ಅಷ್ಟs.”

“ಯಾಕ?”

“ಮಗ್ಗದಾಗ ಇದ್ದಷ್ಟು ಅಗಲ ಇಳಸಿದ ಮ್ಯಾಲೆ ಎಲ್ಲಿರತೈತಿ? ಕುಗ್ಗತೈತಲ್ಲಾ.”

“ಲೇ, ಕಟ್ಟಿಗಿ ಏನ ಸೀರಿ ಅನ್ಕೊಂಡಿ ಏನೋ?”

ಅವನ ಮುಖದಲ್ಲಿ ಅಪರಾಧಿಯ ಕಳೆಯೇ ಇರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವನ ಕೈ ಅದು. ಮಗ್ಗದ ಹಣಿಗೆಯಲ್ಲಿ ಬಿಗಿದು ನಿಂತ ಬಟ್ಟೆ ಕೆಳಗಿಳಿದೊಡನೆ ಉಸಿರು ಬಿಟ್ಟು ಕಿರಿದಾಗುತ್ತದೆ; ಆದ್ದರಿಂದ ಬೇಕಾದ ಅಗಲಕ್ಕಿಂತ ತುಸು ಹೆಚ್ಚಿಗೆ, ಅಂದರೆ ಬಿಡತಿ ಬಿಟ್ಟು, ನೇಯುವುದು ಅವರಿಗೆ ಯೋಚಿಸಿ ಮಾಡುವ ಕೆಲಸವಲ್ಲ, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದಂತೆ. ಅಜ್ಜನಿಂದ ಬಂದ ಆ ಎಚ್ಚರವನ್ನು ಅವನು ಕಂಪ್ಯೂಟರಿನೊಳಗೂ ಕರೆದೊಯ್ದಿದ್ದ. ಮರದ ನಡತೆಯೋ ಇದಕ್ಕೆ ತದ್ವಿರುದ್ಧ. ಮಳೆಗಾಲದಲ್ಲಿ ಅದು ಎಳೆಗೆ ಅಡ್ಡಲಾಗಿ ಉಬ್ಬುತ್ತದೆ. ಅದಕ್ಕಾಗಿಯೇ ನಾನು ಗಾಡಿಯೊಳಗೆ ಸಂದು ಬಿಟ್ಟಿದ್ದೆ. ಆ ಸಂದನ್ನು ಮಲ್ಲ್ಯಾನ ಬಿಡತಿ ನುಂಗಿಹಾಕಿತ್ತು. ಹಾಗೆಯೇ ಒತ್ತಿ ಕೂರಿಸಿದ್ದರೆ ಮೊದಲ ಮಳೆಗೇ ಹಲಗೆ ಚೌಕಟ್ಟನ್ನು ಸೀಳುತ್ತಿತ್ತು.

ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಅತ್ತಿ ಎದ್ದು ಬಂದರು.

“ಊರ ಮುಳಗೂವಾಗೂ ಹಿಂಗs ಅಳದ್ರು. ಗ್ವಾಡಿಗಿ ಬಣ್ಣದ ಗೆರಿ ಹೊಡದ್ರು, ಇಲ್ಲಿತನಾ ನೀರ ಬರತೈತಿ ಅಂದ್ರು. ಅದರ ಮ್ಯಾಲೂ ಬಂತು. ಅಳದವ್ರು ಮಾತ್ರ ತಿರಗಿ ಬರಲಿಲ್ಲ. ನಾಳಿ ಈ ಹಲಗಿ ಸೀಳಿದ್ರ ಯಾರನ್ನ ಕೇಳ್ಲಿ?”

“ನನ್ನ ಕೇಳ್ ಬೇ ಅತ್ತಿ.”

“ಹಂಗ ಎಲ್ಲಾರೂ ಅಂತಾರ. ಹಲಗಿ ಹಿಂದ ಹೆಸರ ಕೊರದ ಕೊಡ.”

ಉತ್ತರದಾಯಿತ್ವದ ಬಗ್ಗೆ ನಾನು ಪತ್ರಿಕೆಗಳಿಗೆ ಬಹಳಷ್ಟು ಬರೆದಿದ್ದೇನೆ. ಅದನ್ನು ಯಾರಾದರೂ ನನ್ನಿಂದಲೇ, ಸಾಗವಾನಿಯ ಮೇಲೆ, ಕೇಳಿದ್ದು ಅದೇ ಮೊದಲು. ನನ್ನ ಹೆಸರೊಂದೇ ಸಾಕೆಂದು ಮಲ್ಲ್ಯಾ ಬಹಳ ವಿನಯ ತೋರಿದ. ನಾನು ಆ ವಿನಯವನ್ನು ತಿರಸ್ಕರಿಸಿದೆ. ಹಲಗೆಯ ಬೆನ್ನಿಗೆ ಉಳಿಯಿಂದ ಎರಡೂ ಹೆಸರುಗಳನ್ನು ಕೊರೆದೆವು. ಆಮೇಲೆ ಬಿಡತಿಯನ್ನು ತೆಗೆದು, ಅದೇ ಹಲಗೆಯ ಬೇಡದ ತುದಿಯಲ್ಲಿ ಮೊದಲು ವೇಗವನ್ನು ಪರೀಕ್ಷಿಸಿ, ಅಲಗನ್ನು ಇಳಿಸಿದೆವು. ಹಲಗೆ ಗಾಡಿಯಲ್ಲಿ ಕುಳಿತಾಗ ಕಾಕಾ ಅದನ್ನು ಬೆರಳಿನಿಂದ ಅತ್ತಿತ್ತ ಸರಿಸಿ ನೋಡಿ ಹೊರಗೆ ಹೋದರು. ಮರುವಾರ ಅಂಗಳದ ಮಗ್ಗಗಳನ್ನು ರಬಕವಿಯ ಬೀಗರು ಒಯ್ದರು.

ಮೊದಲ ಮಳೆಯಾದ ಬೆಳಿಗ್ಗೆ ಅತ್ತಿಯ ಫೋನು ಬಂತು.

“ಹಲಗಿ ಛಲೋ ಕುಂತೈತಿ. ಸಂದ್ಯಾಗ ಉಬ್ಬೈತಿ, ಸೀಳಿಲ್ಲ. ಆದ್ರ ಬಾಗಲದ ಚಿಲಕ ಬೀಳವಲ್ದು.”

“ಚಿಲಕ ನಮ್ದಲ್ಲ ಬೇ ಅತ್ತಿ. ಬಡಿಗ್ಯಾಂದು.”

“ಅವನ ಹೆಸರ ಎಲ್ಲೈತಿ? ಬಾಗಲಾ ಎಲ್ಲಾ ನೋಡೀನಿ. ನಿಮ್ಮದs ಐತಿ. ನೀವs ಬರ್ರಿ.”

ವಾದಿಸಲು ನನಗೆ ವಿಶ್ವವಿದ್ಯಾಲಯ ಕಲಿಸಿದ್ದೆಲ್ಲ ಆ ಕ್ಷಣಕ್ಕೆ ನಿರುಪಯೋಗಿಯಾಯಿತು. ಹೆಸರು ಬರೆದವರ ಪಾಲಿಗೆ ಹೆಸರು ಬರೆಯದವರ ಕೆಲಸವೂ ಬರುತ್ತದೆ; ಹಾಗೆಂದು ಬರೆಯದೆ ಉಳಿದವರ ನೆಮ್ಮದಿಯನ್ನು ನಾನಂತೂ ಬಯಸಲಾರೆ. ಬೀಳಗಿಯ ಬಸ್ಸು ಹಿಡಿಯಲು ಹೊರಟಾಗ ಮಲ್ಲ್ಯಾ ಚೀಲದಲ್ಲಿ ಸ್ಕ್ರೂಡ್ರೈವರಿನ ಜೊತೆಗೆ ಸಣ್ಣದೊಂದು ಉಳಿಯನ್ನೂ ಹಾಕಿಕೊಂಡ. ಅದೇಕೆಂದು ಕೇಳಿದೆ.

“ಚಿಲಕ ರಿಪೇರಿ ಆದಮ್ಯಾಲ ಅದರ ಬುಡಕ್ಕ ಬಡಿಗ್ಯಾನ ಹೆಸರ ಕೊರದ ಬರೂಣಕ್ಕ,” ಎಂದ.