ಮಿಕ್ಸಿ ಬೇಡವೆಂದವಳು

ಗಣಿಯ ಕಾಲದ ಬಳ್ಳಾರಿಯಲ್ಲಿ ಯಾರಿಗೆ ಏನು ಕೆಲಸವೆಂದು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಚಪ್ಪಲಿ ಕೆಂಪಾಗಿದ್ದರೆ ಗಣಿ, ಬೆರಳು ನೀಲಿಯಾಗಿದ್ದರೆ ಜೀನ್ಸು. ಗುಲ್ನಾಜಳ ಮನೆಯ ಹೊಸ್ತಿಲಲ್ಲಿ ಎರಡು ಬಣ್ಣವೂ ಸೇರುತ್ತಿದ್ದವು. ಗಂಡ ಮುಬಶೀರ್ ಅದಿರಿನ ಲಾರಿ ಓಡಿಸುತ್ತಿದ್ದ. ಲೋಡು ತುಂಬಿಕೊಂಡು ಬಂದರಿನ ದಾರಿ ಹಿಡಿದನೆಂದರೆ ಮತ್ತೆ ಅವನ ಮುಖ ಯಾವಾಗಲೋ. ಗುಲ್ನಾಜ್ ಶಶಿಕಾಂತ್ ಸಾಹುಕಾರರ ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜಿಪ್ಪು ಕೂರಿಸುತ್ತಿದ್ದಳು.

ಅದು ಸಣ್ಣ ಮಾತಲ್ಲ. ಆ ಯೂನಿಟ್ಟಿನಲ್ಲಿ ಹೆಂಗಸರೆಂದರೆ ದಾರ ಕತ್ತರಿಸುವವರು, ಗುಂಡಿ ಹಚ್ಚುವವರು. ಮಷೀನಿನ ಮುಂದಿನ ಕುರ್ಚಿ ಗಂಡಸರದು. ಆದರೆ ಗಣಿಯ ದುಡ್ಡು ಊರಿಗೆ ಹರಿಯತೊಡಗಿದ ಮೇಲೆ ಟೇಲರುಗಳು ಒಬ್ಬೊಬ್ಬರಾಗಿ ಟಿಪ್ಪರಿನ ಸ್ಟೇರಿಂಗ್ ಹಿಡಿದರು. ಜಿಪ್ಪಿನ ಮಷೀನು ಖಾಲಿ ಬಿತ್ತು. ಗುಂಡಿ ಹಚ್ಚುತ್ತ ಕೂತಿದ್ದ ಗುಲ್ನಾಜ್ ಎದ್ದು ಹೋಗಿ, ಯಾರನ್ನೂ ಕೇಳದೆ ಅದರ ಮುಂದೆ ಕೂತಳು. ಕಟಿಂಗ್ ಮಾಸ್ತರ ದಾದಾಪೀರ್ ಕತ್ತರಿ ಕೆಳಗಿಟ್ಟು ನಕ್ಕ. "ಲೇ ತಂಗಿ, ಅದು ನಿಮ್ಮ ಮನಿ ದಿಂಬಿನ ಗವಸಲ್ಲ, ಜೀನ್ಸ್ ಪ್ಯಾಂಟು!" ಅಂದ. ಅವಳು ತಲೆ ಎತ್ತಲಿಲ್ಲ. ಹೊಲಿದು ಮುಗಿಸಿದ ಪ್ಯಾಂಟನ್ನು ಅವನ ಮೇಜಿನ ಮೇಲೆ ಒಗೆದಳು. ದಾದಾಪೀರ್ ಜಿಪ್ಪನ್ನು ಮೇಲೆ ಎಳೆದ, ಕೆಳಗೆ ಎಳೆದ, ಬೆಳಕಿಗೆ ಹಿಡಿದ. ಆಮೇಲೆ ನಗಲಿಲ್ಲ.

ಆ ಕೈ ಸಿರುಗುಪ್ಪದಿಂದ ಬಂದದ್ದು. ಅಪ್ಪ ದಸ್ತಗೀರಸಾಬರದು ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ಒಂದೇ ಬಾಗಿಲಿನ ಟೇಲರ್ ಅಂಗಡಿ. ಅಕ್ಕಿ ಗಿರಣಿಯ ಕೂಲಿಗಳ ಚಡ್ಡಿಯಿಂದ ಹಿಡಿದು ಪಕ್ಕದ ದೇಶನೂರಿನ ಮದುಮಗಂದಿರ ಸೂಟಿನವರೆಗೆ ಎಲ್ಲವನ್ನೂ ಅಲ್ಲೇ ಹೊಲಿದವರು. ಮಗಳನ್ನು ಕಾಲೇಜು ಓದಲು ಬಳ್ಳಾರಿಗೆ, ಚಿಕ್ಕಮ್ಮನ ಮನೆಗೆ ಕಳಿಸಿದರೂ ರಜೆಗೆ ಬಂದಾಗ ಪೆಡಲ್ ಮೇಲೆ ಕೂರಿಸದೆ ಬಿಡುತ್ತಿರಲಿಲ್ಲ. "ಜಿಪ್ ಅಂದ್ರ ಪ್ಯಾಂಟಿನ ಮರ್ಯಾದಿ, ಬೇಟಿ. ಅದು ಸೊಟ್ಟಾದ್ರ ಉಟ್ಟೋನ ಮಾನಾನೂ ಹೋತು, ಹೊಲ್ದೋನ ಮಾನಾನೂ ಹೋತು" ಅನ್ನುತ್ತಿದ್ದರು. ಗುಲ್ನಾಜ್ ಕೂರಿಸಿದ ಜಿಪ್ಪು ಒಂದೂ ಸೊಟ್ಟ ಬಂದಿರಲಿಲ್ಲ. ಸುಹಾನಾ ಹುಟ್ಟುವವರೆಗೆ.

ಮಗಳು ಹುಟ್ಟಿದ ಮೇಲೆ ಅವಳಿಗೆ ಊರೆಲ್ಲ ಮುಳ್ಳಿನಂತೆ ಕಂಡಿತು. ಬಾಗಿಲು ತೆರೆದರೆ ಕೆಂಪು ಧೂಳು, ಮುಚ್ಚಿದರೆ ಸೆಕೆ. ಕೂಸು ಕೆಮ್ಮಿದರೆ ಯಾಕೆ ಕೆಮ್ಮಿತೆಂಬ ಭಯ, ಕೆಮ್ಮದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಭಯ. ಮೂಗಿನ ಹತ್ತಿರ ಬೆರಳು ಹಿಡಿದು ಹಿಡಿದು ನೋಡುತ್ತಿದ್ದಳು. ಇಂಥವಳು ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದಾಳೇ? ಜೊತೆಗೇ ಕರೆತಂದಳು. ಬಟ್ಟೆಯ ಥಾನುಗಳನ್ನು ಒಟ್ಟುವ ಮೂಲೆಯಲ್ಲಿ ಕಬ್ಬಿಣದ ತೊಲೆಗೆ ಜೋಳಿಗೆ ಕಟ್ಟಿದಳು. ಹಳೆಯ ಸೀರೆಯ ಜೋಳಿಗೆ ಹರಿದು ಕೂಸು ಬಿದ್ದೀತೆಂದು ಹೆದರಿ, ಉಳಿದ ಜೀನ್ಸಿನ ತುಂಡುಗಳನ್ನೇ ಎರಡು ಪದರ ಹೊಲಿದು ಜೋಳಿಗೆ ಮಾಡಿದಳು. "ಆನಿ ಮರಿ ಮಲಗಿಸಿದ್ರೂ ಹರಿಯಂಗಿಲ್ಲ" ಎಂದು ಅವಳಿಗೇ ಹೆಮ್ಮೆ. ದಾರ ಕತ್ತರಿಸುವ ವೀರಭದ್ರಮ್ಮ ಜೋಳಿಗೆಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಕೈಯಲ್ಲಿ ದಾರ, ಕಾಲಲ್ಲಿ ಕೂಸು ಎಂದು ತೂಗುತ್ತಿದ್ದಳು. ಸಾಹುಕಾರರು ಆ ಮೂಲೆಗೆ ಬರುತ್ತಿರಲಿಲ್ಲ.

ಎಲ್ಲವೂ ಸರಿಯಿತ್ತು. ಒಂದು ಮಾತು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಹೊಲಿಯುವ ಯೂನಿಟ್ಟಿನಲ್ಲಿರುವುದು ಇನ್ನೂ ವಾಷಿಂಗಿಗೆ ಹೋಗದ ಬಟ್ಟೆ. ಒಂದು ಹನಿ ನೀರು ತಾಗಿದರೆ ಸಾಕು, ಬಣ್ಣ ಬಿಡುತ್ತದೆ. ದಿನವಿಡೀ ನೀಲಿ ಬೆರಳಿನಲ್ಲೇ ಊಟ ಮಾಡುವ ಅವರಿಗೆ ಆ ನೀಲಿ ಕಣ್ಣಿಗೇ ಬೀಳುತ್ತಿರಲಿಲ್ಲ.

ದಸರೆಯ ಹೊತ್ತು. ಆದರೂ ಬಿಸಿಲೇನೂ ಇಳಿದಿರಲಿಲ್ಲ. ಆ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನು ನಿಂತಿತ್ತು. ಕೂಸು ಬೆವರಿನಲ್ಲಿ ತೊಯ್ದು, ಹಲ್ಲು ಮೂಡುವ ನವೆಗೆ ಜೋಳಿಗೆಯ ಅಂಚನ್ನು ಚೀಪಿ ಚೀಪಿ ನಿದ್ದೆ ಹೋಗಿತ್ತು. ಹಾಲು ಕುಡಿಸಲು ಬಂದ ಗುಲ್ನಾಜ್ ಜೋಳಿಗೆ ಸರಿಸಿ ನೋಡಿದಳು. ತುಟಿ ನೀಲಿ. ಕೆನ್ನೆ ನೀಲಿ. ಉಗುರೂ ನೀಲಿ.

ಅವಳ ಚೀರಾಟಕ್ಕೆ ಬೀದಿಯ ಜನ ಬಂದರು. "ನನ್ನ ಕೂಸು ನೀಲಿ ಆಗೈತ್ರೋ! ಉಸರು ಹೋಗೈತ್ರೋ!" ಕೂಸು ಗಾಬರಿಯಾಗಿ ಎದ್ದು ತಾಯಿಗಿಂತ ಜೋರಾಗಿ ಅಳುತ್ತಿತ್ತು, ಅದು ಅವಳ ಕಿವಿಗೆ ಬೀಳಲೇ ಇಲ್ಲ. ಆಫೀಸಿನಿಂದ ಓಡಿಬಂದ ಶಶಿಕಾಂತ್ ಸಾಹುಕಾರರು ಕೂಸನ್ನು ಬಿಳಿ ಅಂಗಿಗೆ ಅವುಚಿಕೊಂಡು ಕಾರಿಗೆ ಹಾರಿದರು, ಹಿಂದೆಯೇ ಗುಲ್ನಾಜ್. ಮಕ್ಕಳ ಡಾಕ್ಟರು ಕೂಸನ್ನು ತಿರುಗಿಸಿ ನೋಡಿ, ಹತ್ತಿಯನ್ನು ನೀರಲ್ಲಿ ಅದ್ದಿ ಕೆನ್ನೆ ಒರೆಸಿದರು. ಹತ್ತಿ ನೀಲಿಯಾಯಿತು, ಕೆನ್ನೆ ಕೆಂಪಾಯಿತು. "ಏನಮ್ಮಾ, ಇದನ್ನ ಯಾವ ಅಂಗಡಿಗೆ ಸಪ್ಲೈ ಮಾಡ್ತಿದ್ರಿ?" ಎಂದು ನಕ್ಕ ಡಾಕ್ಟರು ಮರುಗಳಿಗೆಗೇ ಗಂಭೀರವಾದರು. ಈ ಬಣ್ಣ ಕೂಸಿನ ಹೊಟ್ಟೆಗೆ ಹೋಗಬಾರದು, ಬಟ್ಟೆಯ ಧೂಳು ಎದೆಗೆ ಹೋಗಬಾರದು ಎಂದು ಇಬ್ಬರಿಗೂ ಸೇರಿಸಿ ಬೈದರು.

ಶಶಿಕಾಂತ್ ಸಾಹುಕಾರರ ಅಂಗಿಯ ಎದೆಯ ಮೇಲೆ ಪುಟ್ಟ ಅಂಗೈಯೊಂದು ನೀಲಿಯಾಗಿ ಅಚ್ಚೊತ್ತಿತ್ತು. ಕಾರಿನ ಹೊಸ ಸೀಟಿನ ಮೇಲೂ ಒಂದು. ಹೆದರಿದ ಮನುಷ್ಯ ಹೆದರಿಕೆ ಇಳಿದ ಮೇಲೆ ಸಿಟ್ಟಾಗುತ್ತಾನೆ. "ನಾನೇನು ಪ್ಯಾಂಟು ಹೊಲಿಸಾಕ ಕುಂತೀನೋ, ಕೂಸು ಆಡ್ಸಾಕ ಕುಂತೀನೋ? ನಾಳಿಂದ ಒಂದು ಕೂಸೂ ನನ್ನ ಯೂನಿಟ್ಟಿನಾಗ ಕಾಣಬಾರದು" ಅಂದರು. ಸಂಜೆಯೊಳಗೆ ಜೋಳಿಗೆ ಇಳಿಯಿತು.

ಸುದ್ದಿ ಮುಬಶೀರನ ಫೋನಿನಿಂದ ಕುರುಗೋಡು ಮುಟ್ಟಿತು. ಮರುದಿನ ಮೊದಲ ಬಸ್ಸಿಗೇ ಅತ್ತೆ ಶಾಹಜಾನಬಿ ಬಂದಿಳಿದಳು. ಕುರುಗೋಡಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಒಂಟಿಯಾಗಿ ಸಂಸಾರ ಎಳೆದ ಹೆಂಗಸು. ಮಾತು ಎಂದರೆ ಹಸಿಮೆಣಸಿನಕಾಯಿ.

"ಕೂಸಿಗೆ ಬಣ್ಣ ಹಾಕೋ ನೌಕರಿ ಅದೆಂಥಾದ್ದು ಅಂತೀನಿ? ಕೂಸನ್ನ ನನಗ ಕೊಡು, ಕುರುಗೋಡಿನಾಗ ಎಮ್ಮಿ ಹಾಲು ಕುಡ್ಕೊಂಡು ಬೆಳೀತೈತಿ."

"ಇನ್ನೂ ಎದಿ ಹಾಲು ಬಿಟ್ಟಿಲ್ಲ ಅತ್ತಿ."

"ಹಂಗಾರ ಮಷೀನ್ ಬಿಡು. ನನ್ನ ಮಗ ದುಡೀತಾನಲ್ಲ! ಹಬ್ಬ ಮುಗೀಲಿ, ಶುಕ್ರವಾರ ಬರ್ತೀನಿ. ಎರಡ್ರಾಗ ಒಂದು ಮಾಡಿಟ್ಟಿರು." ಬಾಗಿಲು ದಾಟಿದವಳು ತಿರುಗಿ ಬಂದು ದನಿ ತಗ್ಗಿಸಿದಳು. "ಆಯುಧ ಪೂಜೆಗೆ ಈ ಸಲ ಮಿಕ್ಸಿ ಕೊಡ್ತಾರಂತಲ್ಲ? ಅದನ್ನ ಇಸ್ಕೊಂಡೇ ಬಿಡು. ಖಾರ ಅರದು ಅರದು ನನ್ನ ಕೈ ಉರೀತಾವು."

ಮಿಕ್ಸಿಯ ಸುದ್ದಿ ನಿಜವಾಗಿತ್ತು. ಸಾಹುಕಾರರ ತಂದೆ ಮರಿಬಸಪ್ಪನವರ ಕಾಲದಿಂದಲೂ ಆಯುಧ ಪೂಜೆಯ ದಿನ ಕೆಲಸದವರಿಗೆಲ್ಲ ಸ್ಟೀಲ್ ಡಬ್ಬಿಯಲ್ಲಿ ಸಿಹಿ ತುಂಬಿ ಕೊಡುವುದು ಪದ್ಧತಿ. ಗಣಿ ಜೋರಾಗಿ ಜನ ಕೈಬಿಟ್ಟು ಹೋಗತೊಡಗಿದಂತೆ ಉಡುಗೊರೆ ದೊಡ್ಡದಾಯಿತು. ಡಬ್ಬಿ ಹೋಗಿ ಕೊಡ ಬಂತು, ಕೊಡ ಹೋಗಿ ಕುಕ್ಕರ್ ಬಂತು. ಈ ವರ್ಷ ಮಿಕ್ಸಿ. ಆದರೂ ಹೋಗುವವರು ಹೋಗುತ್ತಲೇ ಇದ್ದರು. ಗಂಡಸರು ಗಣಿಗೆ, ಹೆಂಗಸರು ಬಾಣಂತನಕ್ಕೆ. ಹೋದ ಹೆಂಗಸರು ಕುಕ್ಕರ್ ಇಟ್ಟುಕೊಂಡು ಮನೆಯಲ್ಲೇ ಉಳಿದರು.

ಹಬ್ಬದವರೆಗಿನ ಆ ನಾಲ್ಕೈದು ದಿನ ಗುಲ್ನಾಜ್ ಕೂಸನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬಂದಳು. ಕೂತದ್ದು ಮಷೀನಿನ ಮುಂದೆ, ಜೀವವೆಲ್ಲ ಅಲ್ಲಿ. ಅವರ ಮನೆಯ ನೀರಿನ ತೊಟ್ಟಿಗೆ ಮುಚ್ಚಳ ಇದೆಯೋ? ಬೀದಿ ಬಾಗಿಲ ಚಿಲಕ ಹಾಕಿದ್ದಾರೋ? ಒಲೆಯ ಮೇಲೆ ಎಸರಿಟ್ಟಿರುವ ಹೊತ್ತಲ್ಲವೇ ಇದು? ಮಧ್ಯಾಹ್ನ ಓಡಿ ಹೋಗಿ ಹಾಲು ಕುಡಿಸಿ, ಓಡಿ ಬಂದು ಕೂತು, ಏದುಸಿರು ಇಳಿಯುವ ಮೊದಲೇ ಮುಂದಿನ ಪ್ಯಾಂಟಿಗೆ ಸೂಜಿ ಇಳಿಸುತ್ತಿದ್ದಳು. ಮೂರನೆಯ ದಿನ ದಾದಾಪೀರ್ ಒಂದು ಬಂಡಲನ್ನು ಅವಳ ಮುಂದೆ ತಂದಿಟ್ಟ. ಅವಳೇ ಬಿಡಿಸಿ ನೋಡಿದಳು. ಜಿಪ್ಪು ಸೊಟ್ಟ. ಒಂದಲ್ಲ, ಬಂಡಲಿನ ಎಲ್ಲ ಪ್ಯಾಂಟುಗಳದೂ. ಕೂಸು ನೀಲಿಯಾದ ದಿನ ಚೀರಿದ್ದಳು. ಇವತ್ತು ಹೊಲಿಗೆ ಬಿಚ್ಚುತ್ತ ಕೂತಳು. ಸಿರುಗುಪ್ಪದ ಅಂಗಡಿಯಲ್ಲಿ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಕೂತ ಅಪ್ಪ ಕಣ್ಣೆದುರಿಗೆ ಬಂದರು. ಮಷೀನು ಬಿಟ್ಟರೆ ಅವರು ಏನೂ ಅನ್ನಲಿಕ್ಕಿಲ್ಲ. ಆ ಏನೂ ಅನ್ನದಿರುವುದನ್ನೇ ಅವಳು ತಾಳಲಾರಳು.

ಆಯುಧ ಪೂಜೆ ಬಂತು. ಮಷೀನುಗಳಿಗೆಲ್ಲ ಚೆಂಡುಹೂವಿನ ಹಾರ, ಕುಂಕುಮ, ಎಣ್ಣೆ. ಬಾಗಿಲಲ್ಲಿ ಬೂದುಗುಂಬಳ ಒಡೆಯಿತು. ಎಲ್ಲರ ಕೈಗೂ ಮಂಡಕ್ಕಿ, ಮಿರ್ಚಿ. ಮುದುಕ ಮರಿಬಸಪ್ಪನವರು ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಮಿಕ್ಸಿಗಳ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿದ್ದರು. ಒಬ್ಬೊಬ್ಬರನ್ನೇ ಕರೆದು ಕೊಡುತ್ತಿದ್ದ ಶಶಿಕಾಂತ್ ಸಾಹುಕಾರರು ಗುಲ್ನಾಜಳ ಹೆಸರು ಕೂಗಿದರು. ಸುಹಾನಾಳನ್ನು ಕಂಕುಳಲ್ಲಿಟ್ಟುಕೊಂಡು ಅವಳು ಬಂದು ನಿಂತಳು. ಕೈ ಚಾಚಲಿಲ್ಲ.

"ತಗೋಳಮ್ಮ."

"ಮಿಕ್ಸಿ ಬ್ಯಾಡ್ರಿ ಸಾಹುಕಾರ್ರೇ. ಹಿಂದಿನ ರೂಮು ಕೊಡ್ರಿ."

ಪೂಜೆಯ ದಿನ ಕೊಟ್ಟದ್ದನ್ನು ಬೇಡವೆನ್ನುವುದು ಅಪಶಕುನ. ಮಂಡಕ್ಕಿ ಮೆಲ್ಲುವ ಬಾಯಿಗಳೆಲ್ಲ ನಿಂತವು.

"ಯಾವ ರೂಮು?"

"ಕೆಟ್ಟ ಮಷೀನ್ ಒಟ್ಟೀರಲ್ರಿ, ಅದು. ಅಲ್ಲಿ ಬಟ್ಟಿ ಧೂಳು ಬರಂಗಿಲ್ಲ. ಎರಡು ಜೋಳಿಗಿ ಕಟ್ಟಾಕ ಜಾಗಾ, ಒಂದು ಫ್ಯಾನು, ನೋಡಾಕ ಒಬ್ಬಾಕಿ. ಇಷ್ಟು ಕೊಟ್ರ ಸಾಕು."

"ಹಬ್ಬದ ದಿನಾನ ಜಗಳ ತಗೀತಿ ಏನವಾ?"

ಗುಲ್ನಾಜ್ ಕೂಸನ್ನು ಇನ್ನೊಂದು ಕಂಕುಳಿಗೆ ಸರಿಸಿಕೊಂಡಳು. "ನನ್ನ ಕಣ್ಣು ಇಲ್ಲಿ, ಕಿವಿ ಮನ್ಯಾಗ ಇದ್ರ ಜಿಪ್ ಸೊಟ್ಟ ಬರ್ತೈತ್ರಿ. ಬಂದೈತಿ, ಮಾಸ್ತರ ನೋಡ್ಯಾರ. ಗಂಡಸ್ರು ಗಣಿಗೆ ಹೋದ್ರು. ಹಡದೋರು ಮನಿಗೆ ಹೋದ್ರು. ನಾನೂ ಹೋದ್ರ, ಬರೋ ವರ್ಷ ಈ ಮಷೀನಿಗೆ ಹೂವು ಏರ್ಸಿ ಮಂಡಕ್ಕಿ ತಿನ್ನಾಕ ನೀವೊಬ್ರೇ ಕುಂದ್ರಬೇಕು."

ಹಿಂದಿನಿಂದ ವೀರಭದ್ರಮ್ಮ ತನ್ನ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು. "ನಂದೂ ಇಟ್ಕೋರಿ ಯಪ್ಪಾ. ನಮ್ಮ ಓಣ್ಯಾಗ ಕರೆಂಟ್ ಇದ್ದಾಗ ಕಾಳು ಇರಂಗಿಲ್ಲ, ಕಾಳು ಇದ್ದಾಗ ಕರೆಂಟ್ ಇರಂಗಿಲ್ಲ!"

ನಗು ಎದ್ದಿತು. ಇನ್ನೂ ಮೂವರು ಹೆಂಗಸರು ಪೆಟ್ಟಿಗೆ ತಂದಿಟ್ಟರು. ಎಲ್ಲರೂ ದಾದಾಪೀರನ ಕಡೆ ನೋಡಿದರು. ಅವನು ಮಿಕ್ಸಿಯನ್ನು ಎದೆಗವಚಿಕೊಂಡ. "ನನ್ನ ನೋಡಬ್ಯಾಡ್ರಿ. ಇದನ್ನ ಬಿಟ್ಟು ಹೋದ್ರ ನನ್ನ ಹೇಣ್ತಿ ನನ್ನ ಮನಿ ಒಳಗ ಬಿಡಂಗಿಲ್ಲ." ತಡೆದು, "ಆದ್ರ ರೂಮು ಖಾಲಿ ಮಾಡಾಕ ನಾನೂ ಕೈ ಹಚ್ತೀನಿ" ಅಂದ.

ಶಶಿಕಾಂತ್ ಸಾಹುಕಾರರು ತಂದೆಯ ಮುಖ ನೋಡಿದರು. ಮರಿಬಸಪ್ಪನವರು ಕೋಲು ಊರಿ ಎದ್ದರು. "ಮಿಕ್ಸಿ ಕೊಟ್ರ ಜನ ಉಳೀತಾರ ಅಂದಿದ್ಯಲ್ಲ, ಉಳಿಯೋ ಜನ ಏನು ಕೇಳ್ತಾರ ಅಂತ ಯಾವತ್ತಾರ ಕೇಳಿದ್ಯಾ? ನಾನೂ ಕೇಳಿರಲಿಲ್ಲ ಬಿಡು" ಎಂದು ಹಿಂದಿನ ರೂಮಿನ ಕಡೆ ನಡೆದರು. ಮಗ ಅವರ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಬಂದು, "ಒಂದು ತಿಂಗಳು ನೋಡ್ತೀನಿ. ಆದ್ರ ಆ ರೂಮಿನಾಗ ಒಂದು ಚೂರು ಜೀನ್ಸ್ ಕಂಡ್ರ ಬೀಗ ಹಾಕ್ತೀನಿ" ಅಂದರು.

ಶುಕ್ರವಾರ ಶಾಹಜಾನಬಿ ಬಂದಾಗ ಮನೆಗೆ ಬೀಗ. ನೇರ ಯೂನಿಟ್ಟಿಗೇ ನಡೆದಳು. ಕೂಸು ಸಿಗಲಿಲ್ಲ, ಮಷೀನು ಬಿಟ್ಟಿಲ್ಲ, ಮೇಲಾಗಿ ಮಿಕ್ಸಿಯೂ ಇಲ್ಲವೆಂದು ತಿಳಿದಾಗ ಬಾಗಿಲಲ್ಲೇ ಸೊಸೆಯನ್ನು ಹಿಡಿದುಕೊಂಡಳು. "ಮನಿ ಬಾಗಿಲಿಗೆ ಬಂದ ಮಿಕ್ಸಿ ಬ್ಯಾಡ ಅಂದ್ಯಾ? ಹುಚ್ಚೀ! ಓದಿಸಿದೋರು ಬುದ್ಧಿ ಹೇಳಲಿಲ್ಲೇನು?" ಗುಲ್ನಾಜ್ ಹಿಂದಿನ ರೂಮಿನ ಕಡೆ ಕೈ ತೋರಿಸಿದಳು. "ಸಂಜಿ ತನಕ ಅಲ್ಲಿ ಕುಂತು ನೋಡ್ರಿ ಅತ್ತಿ. ಆಮ್ಯಾಲೂ ಬ್ಯಾಡ ಅನಿಸಿದ್ರ ಕೂಸನ್ನ ನಾನ ಎತ್ತಿ ಕೊಡ್ತೀನಿ" ಎಂದು ಹೇಳಿ ಮಷೀನಿಗೆ ಹೋದಳು.

ಸುಣ್ಣ ಬಳಿದ ರೂಮು. ಬಿಳಿ ಸೀರೆಯ ಎರಡು ಜೋಳಿಗೆ, ನೆಲಕ್ಕೆ ಚಾಪೆ. ದಾರ ಕತ್ತರಿಸುವ ಕೆಲಸದಿಂದ ಬಿಡಿಸಿ, ಅದೇ ಸಂಬಳಕ್ಕೆ ಕೂಸು ನೋಡಲು ನಿಲ್ಲಿಸಿದ ವೀರಭದ್ರಮ್ಮ. ಶಾಹಜಾನಬಿ ಒಂದೊಂದಕ್ಕೂ ತಪ್ಪು ಹುಡುಕಿದಳು. ಕಿಟಕಿಗೆ ಪರದೆ ಇಲ್ಲ. ಜೋಳಿಗೆ ಎತ್ತರವಾಯಿತು. ಕೂಸಿಗೆ ಎಣ್ಣೆ ತಿಕ್ಕುವುದು ಹೀಗಲ್ಲ. "ಹಂಗಾರ ನೀನ ತಿಕ್ಕಿ ತೋರಿಸು ಬಾರವಾ, ನೋಡೂಣು" ಎಂದು ವೀರಭದ್ರಮ್ಮ ಎಣ್ಣೆ ಬಟ್ಟಲು ಅವಳ ಮುಂದೆ ಸರಿಸಿದಳು. ಆಮೇಲೆ ಒಳಗಿನಿಂದ ಜಗಳದ ದನಿಯಲ್ಲ, ಇಬ್ಬರ ಹರಟೆ ಕೇಳತೊಡಗಿತು. ಗುಲ್ನಾಜ್ ಹಾಲು ಕುಡಿಸಿ ಹೊರಟಾಗ ಅತ್ತೆ ಅವಳ ಹಿಂದೆಯೇ ಎದ್ದು ಬಂದು, ಅವಳು ಮಷೀನಿಗೆ ಮರಳಿ ಕೂತು ಹೊಲಿಯುವುದನ್ನು ಬಾಗಿಲಿಗೆ ಒರಗಿ ನೋಡಿದಳು. ಎಡಬಲಕ್ಕೆಲ್ಲ ಗಂಡಸರು, ನಡುವೆ ತನ್ನ ಸೊಸೆ. ಸೂಜಿ ಓಡುತ್ತಿತ್ತು, ಸೊಸೆಯ ಕಣ್ಣು ಅತ್ತಿತ್ತ ಓಡಲಿಲ್ಲ.

ಸಂಜೆ ಕುರುಗೋಡು ಬಸ್ಸಿಗೆ ಅತ್ತೆಯನ್ನು ಹತ್ತಿಸಲು ಗುಲ್ನಾಜ್ ಕೂಸನ್ನು ಎತ್ತಿಕೊಂಡು ಬಂದಳು. ಕೇಳಲು ಧೈರ್ಯವಾಗಲಿಲ್ಲ. ಶಾಹಜಾನಬಿ ಕೈ ಚಾಚಿ ಕೂಸನ್ನು ತೆಗೆದುಕೊಂಡಳು. ಗುಲ್ನಾಜಳ ಬೆರಳು ಕೂಸಿನ ಅಂಗಿಯ ಅಂಚನ್ನು ಬಿಡಲಿಲ್ಲ. ಅತ್ತೆ ಕೂಸಿನ ಎರಡು ಕೆನ್ನೆಗೂ ಮುತ್ತಿಟ್ಟು, ಸೆರಗಿನಿಂದ ಒರೆಸಿ, ಸೆರಗಿಗೆ ಬಣ್ಣ ಹತ್ತಿತೇ ಎಂದು ಕಣ್ಣಿಗೆ ಹಿಡಿದು ನೋಡಿ, ತಿರುಗಿ ಸೊಸೆಯ ಕೈಗೆ ಕೊಟ್ಟಳು. "ಕಿಟಕಿಗೆ ಪರದೆ ಹಾಕಿಸು" ಅಂದಳು. ಬಸ್ಸು ಹತ್ತಿದಳು.

ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಿಟಕಿಯ ಕೆಳಗೆ ನಿಂತ ಗುಲ್ನಾಜಳಿಗೆ ಒಳಗಿನ ಮಾತು ಕೇಳಿಸಿತು. ಪಕ್ಕದ ಸೀಟಿನ ಹೆಂಗಸು ಯಾರ ಮನೆಗೆ ಬಂದಿದ್ದಿರಿ ಎಂದು ಕೇಳಿರಬೇಕು.

"ನಮ್ಮ ಸೊಸಿ ಮನಿಗೆ ಬಂದಿದ್ದೆ. ಜೀನ್ಸ್ ಯೂನಿಟ್ಟಿನಾಗ ಜಿಪ್ ಮಷೀನ್ ಮ್ಯಾಲೆ ಕುಂದ್ರತಾಳ. ಗಂಡಸ್ರ ನಡುವ ಆಕಿ ಒಬ್ಬಾಕೀನ." ಶಾಹಜಾನಬಿಯ ದನಿ ಬಸ್ಸಿಗೆಲ್ಲ ಕೇಳುವಂತಿತ್ತು. "ಸಾಹುಕಾರ ಎಲ್ಲಾರ ಮುಂದ ಮಿಕ್ಸಿ ಕೊಡಾಕ ಬಂದ್ರ ಏನಂದ್ಲು ಗೊತ್ತೇನು? ನಿನ್ನ ಮಿಕ್ಸಿ ನೀ ಇಟ್ಕೋ, ನನ್ನ ಕೂಸಿಗೆ ರೂಮು ಕೊಡು ಅಂದ್ಲು! ಕೊಟ್ಟ ನೋಡವಾ ರೂಮು! ಮಿಕ್ಸಿ ಏನು, ಖಾರ ಅರಿಯಾಕ ನನ್ನ ಕೈ ಇನ್ನೂ ಗಟ್ಟಿ ಅದಾವು."