ಹಳೇ ಕಂಪ್ಯೂಟರಿನಲ್ಲಿ ಅಪ್ಪನ ಎದೆ

ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಗುಜರಿಗೆ ಹಾಕೋಣವೆಂದು ನಾನು ವರ್ಷಗಳಿಂದ ಹೇಳುತ್ತಿದ್ದೆ. ಬಿಲ್ಲು ಬರೆಯಲು ಸಾಕು ಎಂದು ಅಪ್ಪ ಬಿಡಲಿಲ್ಲ. ಹಾಸನದ ಆಸ್ಪತ್ರೆಯವರು ಅಪ್ಪನ ಆಂಜಿಯೋಗ್ರಾಮನ್ನು ಸಿ.ಡಿ.ಯಲ್ಲಿ ಕೊಟ್ಟಾಗ ನೋಡಿದರೆ, ಮನೆಯಲ್ಲೂ ಮಂಡಿಯಲ್ಲೂ ಸಿ.ಡಿ. ನುಂಗುವ ಯಂತ್ರ ಅದೊಂದೇ ಉಳಿದಿತ್ತು.

ಹೃದಯದ ದೊಡ್ಡ ನಾಳವೊಂದು ಮುಚ್ಚಿದೆ, ಈ ವಾರವೇ ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಮೆಟ್ಟಿಲು ಕೂಡ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಅಲ್ಲಿ ತಲೆಯಾಡಿಸಿ ಬಂದರೇ ಹೊರತು ಒಪ್ಪಲಿಲ್ಲ. ಯಾರ ಮಾತಿನ ಮೇಲೂ ಮಾಲು ಕೊಂಡವರಲ್ಲ ಅವರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವ ಮನುಷ್ಯ.

“ನಾನೇ ನೋಡ್ತೀನಿ, ಹಾಕವ್ವ,” ಎಂದು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

ಹಾಕಿದೆ. ಬೂದು ಪರದೆಯ ಮೇಲೆ ಬೇರುಗಳ ಹಾಗೆ ಕಪ್ಪು ನಾಳಗಳು ಮೂಡಿದವು, ಎರಡು ಸಲ ಮಿಡಿದವು, ನಿಂತವು. ಎಲ್ಲವೂ ನಿಂತಿತು. ಡಬ್ಬದೊಳಗಿನ ಫ್ಯಾನು ಮಾತ್ರ ಬೊಬ್ಬೆ ಹೊಡೆಯುತ್ತಿತ್ತು. ಅಪ್ಪನ ಮುಖ ಬಿಳಿಚಿಕೊಂಡಿತು.

“ನಿಂತೋಯ್ತಲ್ಲ.”

“ನಿಮ್ಮದಲ್ಲಪ್ಪ, ಇದರದು,” ಎಂದೆ. ಪ್ರೊಸೆಸರಿನ ಮೇಲಿನ ಹೊರೆ ನೂರಕ್ಕೆ ನೂರು ತೋರಿಸುತ್ತಿತ್ತು. ಒತ್ತಿ ಮಡಚಿಟ್ಟ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಬಿಡಿಸುವುದು ಡಿಕೋಡರಿನ ಕೆಲಸ, ಈ ಮುದಿ ಯಂತ್ರಕ್ಕೆ ಅದು ಹೊರಲಾರದ ಹೊರೆ ಎಂದು ವಿವರಿಸಿದೆ.

ಬೇರೊಂದು ಡಿಕೋಡರ್ ಹಾಕಿದೆ. ಹೊರೆ ಅರ್ಧಕ್ಕಿಳಿಯಿತು, ಫ್ಯಾನು ತಣ್ಣಗಾಯಿತು, ನಾಳಗಳು ಎಡೆಬಿಡದೆ ಮಿಡಿಯತೊಡಗಿದವು. ಅಪ್ಪ ಪರದೆ ನೋಡುವುದಕ್ಕಿಂತ ಹೆಚ್ಚಾಗಿ ಫ್ಯಾನಿಗೆ ಕಿವಿಗೊಟ್ಟಿದ್ದರು.

“ಕೇಳು, ಏದುಸಿರೇ ಇಲ್ಲ. ಕಾಯಿಲೆ ಈ ಡಬ್ಬಕ್ಕೈತೆ ಕಣವ್ವ, ನಂಗಲ್ಲ. ನಾಳೆ ಹಳೇಬೀಡಿಗೆ ಹೋಗಿ, ಆ ಹುಲಿಕೆರೆಯವರ ಮಾಲು ನೋಡ್ಕಂಡು ಬತ್ತೀನಿ.”

ಹುಲಿಕೆರೆಯವರ ಕಾಯಿ ಇರುವುದು ಅಟ್ಟದ ಮೇಲೆ. ಏಣಿ ಹತ್ತದೆ ಅಪ್ಪ ಬೆಲೆ ಹೇಳಿದ್ದನ್ನು ನಾನು ಕಂಡಿಲ್ಲ.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಎರಡನೆಯ ಡಿಕೋಡರ್ ಹಗುರಾಗಿ ಓಡಿದ್ದು ಜಾಣತನದಿಂದಲ್ಲ. ಹೊತ್ತು ಸಾಲದಾದಾಗಲೆಲ್ಲ ನಡುವಿನ ಚಿತ್ರಗಳನ್ನು ಬಿಡಿಸದೆ ಎಸೆದು ಮುಂದಕ್ಕೆ ಹೋಗಿತ್ತು. ಮೈಗಳ್ಳನಿಗೆ ಬೆವರೆಲ್ಲಿ ಬರಬೇಕು? ಡಾಕ್ಟರು ಹೇಳಿದ ಜಾಗ ಆ ಎಸೆದ ಚಿತ್ರಗಳಲ್ಲೇ ಇದ್ದಿರಬಹುದು. ಹಾಗೆಂದು ಹೇಳಿದರೆ, “ನೀನೂ ಡಾಕ್ಟ್ರ ಪಾರ್ಟಿನೇ,” ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡರು.

“ಇನ್ನೊಂದೇ ಸಲ ಕೂತ್ಕಳಿ,” ಎಂದೆ.

ಮೊದಲಿನ ಡಿಕೋಡರನ್ನೇ ಹಾಕಿ, ವೇಗವನ್ನು ಕಾಲುಭಾಗಕ್ಕೆ ಇಳಿಸಿದೆ. ಒಂದು ಚಿತ್ರವನ್ನೂ ಬಿಡದೆ ಬಿಡಿಸಲು ಅದಕ್ಕೀಗ ಪುರಸೊತ್ತಿತ್ತು. ಫ್ಯಾನು ಸದ್ದೇ ಮಾಡಲಿಲ್ಲ. ಆ ಸದ್ದಿಲ್ಲದಿರುವುದನ್ನೇ ನನಗೆ ಸಹಿಸಲಾಗಲಿಲ್ಲ.

ನಾಳದೊಳಗೆ ಬಿಟ್ಟ ಕಪ್ಪು ಔಷಧಿ ನಿಧಾನವಾಗಿ ಹರಿದು ಬಂತು. ಕವಲಿನ ಒಂದು ಕಡೆ ತುದಿಯವರೆಗೂ ತುಂಬಿತು. ಇನ್ನೊಂದು ಕಡೆ ತುಸು ದೂರ ಹೋಗಿ ನಿಂತಿತು.

“ಮತ್ತೆ ಸಿಕ್ಕಾಕ್ಕಂತು ನಿನ್ನ ಡಬ್ಬ.”

“ಡಬ್ಬ ಸಿಕ್ಕಾಕ್ಕಂಡಿದ್ರೆ ಎಲ್ಲಾನೂ ನಿಲ್ಬೇಕಲ್ಲಪ್ಪ. ನೋಡಿ.”

ಅವರು ನೋಡಿದರು. ಪಕ್ಕದ ನಾಳ ಮಿಡಿಯುತ್ತಿತ್ತು. ಸಣ್ಣ ಕವಲುಗಳೂ ಮಿಡಿಯುತ್ತಿದ್ದವು. ಡಾಕ್ಟರು ತೂರಿಸಿದ್ದ ಕೊಳವೆಯ ತುದಿ ಕೂಡ ಅದುರುತ್ತಿತ್ತು. ಅಲ್ಲಿ ಮಾತ್ರ ಕಪ್ಪು ಒಂದಿಷ್ಟೂ ಮುಂದೆ ಹೋಗಲಿಲ್ಲ.

ಅಪ್ಪ ಪಂಚೆಯ ಅಂಚು ಎತ್ತಿ, ಪರದೆಯ ಮೇಲೆ ಆ ಜಾಗವನ್ನು ಒರೆಸಿದರು. ಧೂಳಿರಲಿಲ್ಲ. ಇನ್ನೊಂದು ಸಲ ಒರೆಸಿದರು.

“ಹಾಸನಕ್ಕೆ ಕಾರು ಹೇಳವ್ವ,” ಎಂದರು. “ಈಗ್ಲೇ.”